ಎರಡು ಆಗ್ಯಾವ, ಇನ್ನೊಂದು ಬೇಕು

ಏಪ್ರಿಲ್ ಕೊನೆಯ ವಾರ. ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಮೀಟಿಂಗಿಗೆ ಕೂತಿದ್ದೆ. ಕೆಲಸದ ಮಾತು ಮುಗಿದ ಮೇಲೆ ಬೆಂಗಳೂರಿನ ಗೆಳತಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ನಿಮ್ಮೂರಲ್ಲಿ ಈಗ ಎಷ್ಟು ಬಿಸಿಲು?" ನಾನು ಮೊಬೈಲ್ ನೋಡಿ "41" ಅಂದೆ. ಆ ಕಡೆಯಿಂದ "ಅಯ್ಯಯ್ಯೋ" ಬಂತು. ಪಕ್ಕದ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅವ್ವ, ಪ್ರಶ್ನೆ ತನಗೇ ಕೇಳಿದ್ದು ಅಂದುಕೊಂಡಳೋ ಏನೋ, ಅಲ್ಲಿಂದಲೇ ಉತ್ತರ ಕೊಟ್ಟಳು. "ಎರಡು ಆಗ್ಯಾವವಾ. ಇನ್ನೊಂದು ಬೇಕು."

ಅವಳು ಹೇಳಿದ್ದು ಮಾಳಿಗೆ ಮೇಲಿನ ಸಂಡಿಗೆಯ ಲೆಕ್ಕ. ಗೆಳತಿ ನಕ್ಕಳು, ನಾನೂ ನಕ್ಕೆ. ಆದರೆ ಆ ಉತ್ತರ ತಲೆಯಿಂದ ಹೋಗಲೇ ಇಲ್ಲ. ನನ್ನದು ಡಿಗ್ರಿ ಲೆಕ್ಕ. ಅದನ್ನು ಹೇಳುವಾಗೆಲ್ಲ, ನಮ್ಮೂರ ಬಿಸಿಲಿಗೆ ನಾನೇ ಜವಾಬ್ದಾರಿ ಅನ್ನೋ ಹಾಗೆ ದನಿ ಸಣ್ಣದಾಗುತ್ತದೆ. ಬೆಂಗಳೂರು ಸೇರಿ ಹದಿನಾಲ್ಕು ವರ್ಷ ಆಯಿತು. ಯಾರಾದರೂ ಊರು ಯಾವುದು ಅಂತ ಕೇಳಿದರೆ ಸಾಕು, ಅವರು ಆಡಿಕೊಳ್ಳುವ ಮೊದಲೇ ಹಳೇ ಜೋಕನ್ನು ನಾನೇ ಹೇಳಿ ಮುಗಿಸುತ್ತೇನೆ: ನಮ್ಮ ಕಡೆ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಅವ್ವ ಬಿಸಿಲನ್ನು ಎಣಿಸುತ್ತಾಳೆ, ಕೊಡ ನೀರು ಎಣಿಸಿದ ಹಾಗೆ. ಹಪ್ಪಳಕ್ಕೆ ಇಷ್ಟು, ಮೆಣಸಿನಕಾಯಿಗೆ ಇಷ್ಟು. ಇದೇ ಮಾತು ಕೇಳಿಕೊಂಡೇ ನಾನು ಬೆಳೆದದ್ದು, ಆದರೆ ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ.

ನಾನು ಬಂದಿದ್ದು ಅವ್ವನ ಕಣ್ಣಿನ ಪೊರೆಯ ಆಪರೇಷನ್ನಿಗೆ. ಐದು ವಾರ ಮನೆಯಿಂದಲೇ ಕೆಲಸ ಅಂತ ಒಪ್ಪಿಸಿಕೊಂಡು ಬಂದಿದ್ದೆ. ಡಾಕ್ಟರು ಹೇಳಿ ಕಳಿಸಿದ ಪಟ್ಟಿ ಉದ್ದ ಇತ್ತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಬೀಳಬಾರದು, ಹೊಗೆ ಧೂಳು ಬಿಸಿಲು ಯಾವುದೂ ತಾಗಬಾರದು. ಅಂದರೆ ಬೇಸಿಗೆಯಲ್ಲಿ ಅವ್ವ ಏನೇನು ಮಾಡುತ್ತಾಳೋ ಅದೆಲ್ಲ. ನಿಚ್ಚಣಿಕೆ ಹತ್ತಲಂತೂ ಬಿಡುವ ಹಾಗೇ ಇರಲಿಲ್ಲ. "ಈ ವರ್ಷ ಸಂಡಿಗಿ ಬ್ಯಾಡ ಬಿಡಬೇ" ಅಂದೆ. ಅವಳು ಮಾತಾಡಲಿಲ್ಲ. ಮರುದಿನ ನೋಡಿದರೆ ಅಕ್ಕಿ ಹಿಟ್ಟಿನ ಡಬ್ಬಿ, ಜೀರಿಗೆ, ಅಪ್ಪನ ಹಳೇ ದೋತರ ಮೂರೂ ಪಡಸಾಲೆಯ ನಡುವೆ ನನಗಾಗಿ ಕಾಯುತ್ತಿದ್ದವು.

ಒಂದು ಮಾತು ಹೇಳಲೇಬೇಕು. ನನಗೆ ಇದು ಯಾವುದೂ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮಾಳಿಗೆ ಹತ್ತಿದರೆ "ನೀ ಓದ್ಕೋ ಹೋಗು" ಅಂತ ಇಳಿಸುತ್ತಿದ್ದಳು. ಕಾಗೆ ಕಾಯುವ ಕೆಲಸವನ್ನೂ ತಮ್ಮನಿಗೇ ಕೊಟ್ಟಿದ್ದಳು. ನಾನು ಓದಿದೆ, ಹೋದೆ. ಮೂವತ್ತೆರಡಕ್ಕೆ ಬಂದು, ಗಂಜಿ ಕುದಿಯಿತೋ ಇಲ್ಲವೋ ಅಂತ ಕೇಳಲು ಅಡುಗೆಮನೆಯಿಂದ ಪಡಸಾಲೆಗೆ ಓಡಾಡುತ್ತಿದ್ದೆ.

ಬೆಳಕಿಂಡಿ

ನಮ್ಮದು ಅರ್ಧ ಹಳೇ ಮನೆ, ಅರ್ಧ ಹೊಸದು. ಮುಂದಿನ ಎರಡು ಕೋಣೆಗೆ ಆರ್‌ಸಿಸಿ ಬಂದಿದೆ. ಹಿಂದೆ ತೊಲೆ, ಜಂತೆ ಹಾಕಿದ ಮಣ್ಣಿನ ಮಾಳಿಗೆಯೇ ಉಳಿದಿದೆ. ಅದರ ನಡುವೆ ಒಂದು ಮೊಳ ಚೌಕದ ಬೆಳಕಿಂಡಿ. ಮಳೆಗಾಲದಲ್ಲಿ ತಗಡು ಮುಚ್ಚುತ್ತೇವೆ, ಬೇಸಿಗೆಯಲ್ಲಿ ತೆಗೆದಿರುತ್ತೇವೆ. ಐದು ವಾರ ನಾನೂ ಅವ್ವನೂ ಮಾತಾಡಿದ್ದರಲ್ಲಿ ಅರ್ಧ ಈ ಕಿಂಡಿಯಿಂದಲೇ ಆಯಿತು. ನಾನು ಮೇಲೆ, ಅವಳು ಕೆಳಗೆ.

ಮೊದಲ ದಿನ ಸೋತೆ. ಎಂಟಕ್ಕೆ ಎದ್ದು, ಗಂಜಿ ಕಾಯಿಸಿ, ಮೇಲೆ ಹೋಗುವಷ್ಟರಲ್ಲಿ ಒಂಬತ್ತೂವರೆ. ಸಿಮೆಂಟಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಗಾಳಿ ಎದ್ದು ಕೆಂಪು ಧೂಳು ತಂದು ಸುರಿಯಿತು. ಹಾಕಿದ ಸಂಡಿಗೆಗಳು ಹರಡಿಕೊಂಡು ಒಂದಕ್ಕೊಂದು ಅಂಟಿದವು. ಮಧ್ಯಾಹ್ನ ನೋಡಿದರೆ ಮೇಲೆ ಗರಿಗರಿ, ಒಳಗೆ ಹಸಿ. ಎರಡನೇ ದಿನ ಅವ್ವ ಐದಕ್ಕೇ ಎಬ್ಬಿಸಿದಳು. ಒಲೆಯ ಹತ್ತಿರ ಬರುವಂತಿಲ್ಲವಲ್ಲ, ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕೂತಳು. ನಾನು ಸೌಟು ತಿರುವುತ್ತಿದ್ದೆ. ಇಳಿಸಲಾ ಅಂದರೆ "ತಡಿ, ಇನ್ನ ಗಳಗಳ ಅನ್ನಾಕತ್ತೈತಿ" ಅಂದಳು. ಸ್ವಲ್ಪ ಹೊತ್ತಿಗೆ ಗಂಜಿ ದಪ್ಪಗಾಗಿ, ಗುಳ್ಳೆ ಒಂದೊಂದೇ ಎದ್ದು ಒಡೆಯತೊಡಗಿತು. ಪೊಟ್. ಸ್ವಲ್ಪ ತಡೆದು ಮತ್ತೊಂದು ಪೊಟ್. "ಹಾಂ, ಈಗ ಇಳಸು." ಕಣ್ಣಿಗೆ ಪಟ್ಟಿ ಇದ್ದ ಕಾಲಕ್ಕೆ ಅವಳು ಕಿವಿಯಿಂದಲೇ ಗಂಜಿಯ ಹದ ನೋಡಿದ್ದಳು. ಅಥವಾ ಯಾವಾಗಲೂ ಹಾಗೇ ನೋಡುತ್ತಿದ್ದಳೋ, ನಾನು ಕೇಳಲಿಲ್ಲ.

ಆ ದಿನ ಗೊತ್ತಾಯಿತು, ಮೂರು ಬಿಸಿಲು ಅಂದರೆ ಒಂದೇ ಬಿಸಿಲು ಮೂರು ಸಲ ಅಲ್ಲ. ಒಂದೊಂದಕ್ಕೆ ಒಂದೊಂದು ಕೆಲಸ. ಮೊದಲನೆಯದು ಎಳೆ ಬಿಸಿಲಿನಿಂದ ಶುರುವಾಗಬೇಕು. ಆಗ ಸಂಡಿಗೆ ತಳದಿಂದ ನಿಧಾನ ಹಿಡಿದುಕೊಳ್ಳುತ್ತದೆ. ಸಂಜೆ ದೋತರವನ್ನು ಬೋರಲು ಹಾಕಿ ಹಿಂದಿನಿಂದ ನೀರು ಚಿಮುಕಿಸಿ ಒಂದೊಂದೇ ಬಿಡಿಸಬೇಕು. ಎರಡನೇ ಬಿಸಿಲು ಬೆನ್ನಿಗೆ, ಅಂದರೆ ತಿರುವಿ ಹಾಕಿದ ಮೇಲೆ ಬರುವುದು. ಮೂರನೆಯದು ಬರೀ ಖಾತ್ರಿಗೆ. ಕೈಯಲ್ಲಿ ಹಿಡಿದು ಮುರಿದರೆ ಚಟ್ ಅನ್ನಬೇಕು. ನಡುವೆ ಮೋಡ ಬಂದರೆ ಆ ದಿನ ಲೆಕ್ಕಕ್ಕಿಲ್ಲ. ಮಧ್ಯಾಹ್ನದ ಮೇಲೆ ಬಂದರೆ ಅರ್ಧ ಬಿಸಿಲು. ಇಷ್ಟು ಖಡಕ್ ಹಾಜರಿ ನಮ್ಮ ಆಫೀಸಿನಲ್ಲೂ ಇಲ್ಲ.

ಮೊದಲ ಬಿಸಿಲು ಮುಗಿದ ಸಂಜೆಯ ಸಂಡಿಗೆ ತಿಂದಿದ್ದೀರಾ? ಅಂಚು ಗರಿ, ನಡುವೆ ಮೆತ್ತಗೆ, ಹಲ್ಲಿಗೆ ಸ್ವಲ್ಪ ಜಗ್ಗುತ್ತದೆ. ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಅದರ ಹಿಂದೆ ದೋತರದ ಸೋಪಿನ ವಾಸನೆ ಕೂಡ ಒಂದಿಷ್ಟು. ಕರಿದ ಸಂಡಿಗೆ ಯಾವ ಅಂಗಡಿಯಲ್ಲೂ ಸಿಗುತ್ತದೆ, ಇದನ್ನು ಯಾರೂ ಮಾರುವುದಿಲ್ಲ. ತಮ್ಮ ಕಾಗೆ ಕಾಯುವ ಕೆಲಸಕ್ಕೆ ಯಾಕೆ ಅಷ್ಟು ಖುಷಿಯಿಂದ ಹೋಗುತ್ತಿದ್ದ ಅಂತ ಇಪ್ಪತ್ತು ವರ್ಷದ ಮೇಲೆ ತಿಳಿಯಿತು. ಫೋನ್ ಮಾಡಿ ಬೈದೆ.

ಬೆಳಕಿಂಡಿಯದು ಇನ್ನೊಂದು ಕಥೆ ಇದೆ. ಬೆಳಿಗ್ಗೆ ಅದರಿಂದ ಬೀಳುವ ಚೌಕ ಬಿಸಿಲು ಪಡುವಣ ಗೋಡೆಯ ಮೇಲಿರುತ್ತದೆ. ಹೊತ್ತು ಏರಿದ ಹಾಗೆ ಗೋಡೆ ಇಳಿದು, ಮೂಲೆಯ ಬೀಸುಕಲ್ಲು ದಾಟಿ, ನೆಲದ ಮೇಲೆ ಹರಿದು ಬರುತ್ತದೆ. ಅವ್ವನಿಗೆ ಅದೇ ಗಡಿಯಾರ. ಮಂಚದ ಮೇಲಿಂದ ಕೂಗುತ್ತಾಳೆ: "ಬೀಸುಕಲ್ಲಿಗೆ ಬಂತು, ದೋತರದ ಅಂಚಿಗೆ ಕಲ್ಲು ಹೇರು. ಗಾಳಿ ಬರೂ ಹೊತ್ತಾತು." ಹತ್ತು ನಿಮಿಷಕ್ಕೆ ನಿಜವಾಗಿ ಗಾಳಿ ಬರುತ್ತದೆ. ಮೇಲೆ ಬರಲು ಬಿಡುವುದಿಲ್ಲ ಅಂತ ಅವಳು ಕೆಳಗೇ ತನ್ನದೊಂದು ಪುಟ್ಟ ಮಾಳಿಗೆ ಮಾಡಿಕೊಂಡಿದ್ದಳು. ಉಪ್ಪು ಹಚ್ಚಿದ ಮಾವಿನಕಾಯಿ ಹೋಳಿನ ಒಂದು ತಾಟನ್ನು ಆ ಚೌಕದೊಳಗೆ ಇಟ್ಟು, ಬಿಸಿಲು ಸರಿದ ಹಾಗೆ ತಾನೂ ಕೂತಲ್ಲಿಂದಲೇ ಕೋಲಿನಿಂದ ತಾಟು ಸರಿಸುತ್ತಿದ್ದಳು. ಇಡೀ ದಿನ. ನಾನು ಮೀಟಿಂಗಿನಲ್ಲಿದ್ದಾಗ ಹಿಂದಿನಿಂದ ಕರ್ ಕರ್ ಅಂತ ತಾಟು ಸರಿಯುವ ಸದ್ದು. ಮ್ಯೂಟ್ ಮಾಡಿಕೋ ಅಂತ ಅವರೆಲ್ಲ ಹೇಳುತ್ತಿದ್ದರು.

ಮೇ 2ರ ಸುಮಾರಿಗೆ ಒಂದು ಮಧ್ಯಾಹ್ನ ಅವ್ವ ಕರೆದು ತೋರಿಸಿದಳು. ಹನ್ನೆರಡು ದಾಟಿ ಇಪ್ಪತ್ತು ನಿಮಿಷ ಆಗಿತ್ತು. ಬಿಸಿಲಿನ ಚೌಕ ಬೆಳಕಿಂಡಿಯ ನೇರ ಕೆಳಗೆ ಬಿದ್ದಿತ್ತು. ಒಂದು ಬೆರಳೂ ಆ ಕಡೆ ಈ ಕಡೆ ಇಲ್ಲ. ಮೇಲೆ ಹೋಗಿ ನಿಂತೆ, ನನ್ನ ನೆರಳು ಕಾಲಡಿ ಸೇರಿಕೊಂಡಿತ್ತು. ಇದಕ್ಕೆ ಶೂನ್ಯ ನೆರಳಿನ ದಿನ ಅಂತಾರೆ, ಬೆಂಗಳೂರಿನಲ್ಲಿ ಒಂದು ವಾರ ಮುಂಚೆಯೇ ಆಗಿಹೋಗುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಸೂರ್ಯ ಉತ್ತರಕ್ಕೆ ಸರಿಯುವ ದಾರಿಯಲ್ಲಿ ಒಂದೊಂದೇ ಊರಿನ ನೆತ್ತಿ ದಾಟುತ್ತಾನೆ. ಕೊಪ್ಪಳಕ್ಕೆ ಮೇ ಶುರುವಿನಲ್ಲಿ ಬರುತ್ತಾನೆ, ವಾಪಸ್ ಹೋಗುವಾಗ ಆಗಸ್ಟಿನಲ್ಲಿ ಇನ್ನೊಂದು ಸಲ. ಆದರೆ ಆಗ ಬೆಳಕಿಂಡಿಗೆ ತಗಡು ಮುಚ್ಚಿರುತ್ತದೆ. ನಾನು ಅವ್ವನಿಗೆ ಇದನ್ನೆಲ್ಲ ಹುರುಪಿನಿಂದ ಹೇಳಿದೆ. ಅವಳು ಕೇಳಿಸಿಕೊಂಡು, "ಇಷ್ಟು ದಿನ ನಡುಮಧ್ಯಾಹ್ನ ದೇವರ ಕ್ವಾಣಿ ಕಡೆ ಬೀಳ್ತಿತ್ತು. ಇನ್ನ ಅಡಗಿಮನಿ ಕಡೆ ಸರೀತೈತಿ. ಹಂಗ ಸರದ್ರ ಮಳಿ ಬಾಳ ದೂರಿಲ್ಲ, ಖಾರ ಕುಟ್ಟಿಸೂದು ಮುಗಸ್ಬೇಕು" ಅಂದಳು. ನನ್ನ ಖಗೋಳ ಅಲ್ಲಿಗೆ ಮುಗಿಯಿತು.

ಕಟ್ ಅನ್ನಬೇಕು

ಖಾರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಿಮ್ಮ ಮನೆಯಲ್ಲೂ ಆಗಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬಾಜೂ ಮನೆಯ ಯಕ್ಕ ಬಂದು ಕಟ್ಟೆಯ ಮೇಲೆ ಕೂತು ನನ್ನ ಜೊತೆ ತೊಟ್ಟು ಬಿಡಿಸಿದರು. ಎರಡು ಬಿಸಿಲು ಸಾಕು, ಆದರೆ ಗಿರಣಿಗೆ ಒಯ್ಯುವ ದಿನ ಮತ್ತೆ ಒಂದು ತಾಸು ಬಿಸಿಲು ಕಾಣಿಸಿ, ಬಿಸಿ ಇರುವಾಗಲೇ ಒಯ್ಯಬೇಕು. ಕೈಯಲ್ಲಿ ಬಾಗಿಸಿದರೆ ಕಟ್ ಅಂತ ಮುರಿಯಬೇಕು, ಬಾಗಿದರೆ ಗಿರಣಿಯವನು ವಾಪಸ್ ಕಳಿಸುತ್ತಾನೆ. ನಮ್ಮನ್ನು ಕಳಿಸಲಿಲ್ಲ. ಗಿರಣಿಯ ಮುಂದೆ ಸಾಲಾಗಿ ನಿಂತ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ಸೀನುತ್ತಲೇ ಹರಟುತ್ತಿದ್ದರು. ಯಾರ ಮನೆಯ ಖಾರಕ್ಕೆ ಎಷ್ಟು ಬಿಸಿಲು ಕೊಟ್ಟಿದ್ದಾರೆ ಅನ್ನುವುದೇ ಅಲ್ಲಿಯ ಮುಖ್ಯ ಸುದ್ದಿ. ಬಿಸಿಲು "ಕೊಡುವುದು". ಆ ಕ್ರಿಯಾಪದ ನನಗೆ ಬಹಳ ಹಿಡಿಸಿತು. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡಿನ ಎಲ್ಲೆ ಹೇಳುವಾಗ ಕೊಪಣ ನಗರದ ಹೆಸರಿದೆ ಅಂತ ನಮ್ಮೂರಿನ ಪ್ರತಿ ಭಾಷಣದಲ್ಲೂ ಹೇಳುತ್ತಾರೆ, ಹೇಳುವಾಗ ಎದೆ ಉಬ್ಬಿಸುತ್ತಾರೆ. ಆ ತಿರುಳು ಎಲ್ಲಿ ಕೇಳುತ್ತದೆ ಅಂತ ಯಾರಾದರೂ ಕೇಳಿದರೆ ಖಾರದ ಗಿರಣಿಗೆ ಕಳಿಸುತ್ತೇನೆ. ಕರ್ಚೀಫು ಅವರೇ ತರಲಿ.

ನೆರಳಿನ ಲೆಕ್ಕ

ಎಲ್ಲಕ್ಕೂ ಬಿಸಿಲು ಕೊಟ್ಟರೆ ಆಯಿತು ಅಂದುಕೊಳ್ಳುತ್ತಿರುವಾಗ ಹರವಿ, ಅಂದರೆ ಕುಡಿಯುವ ನೀರಿನ ಮಣ್ಣಿನ ಮಡಕೆ, ತರುವ ದಿನ ಬಂತು. ಹಳೆಯದು ಸೋರುತ್ತಿರಲಿಲ್ಲ, ಅದೇ ತಕರಾರು. "ಬೆವರೂದು ಬಿಟ್ಟೈತಿ" ಅಂದಳು ಅವ್ವ. ಹರವಿ ಬೆವರಬೇಕು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಬಂದು ಆರಿಹೋಗುವಾಗ ಒಳಗಿನ ನೀರಿನ ಶಾಖ ತೆಗೆದುಕೊಂಡು ಹೋಗುತ್ತದೆ. ವರ್ಷಗಟ್ಟಲೆ ಬಳಸಿದರೆ ಆ ರಂಧ್ರ ಮುಚ್ಚಿಕೊಳ್ಳುತ್ತವೆ. ಸಂಜೆ ಇಳಿಬಿಸಿಲಿನಲ್ಲಿ ರಸ್ತೆ ಬದಿ ಮಾರುವ ಅಜ್ಜಿಯ ಹತ್ತಿರ ಹೋದೆ. ನಲ್ಲಿ ಕೂರಿಸಿ, ಹೊರಗೆ ಬಣ್ಣ ಬಳಿದು, ಹೂವು ಬರೆದ ಹರವಿಗಳೂ ಇದ್ದವು. ನಾನು ಅದಕ್ಕೇ ಕೈ ಹಾಕಿದೆ. ಅಜ್ಜಿ ತಡೆದರು. "ಅದು ನೋಡಾಕ ಚಂದ ಯವ್ವಾ. ಬಣ್ಣ ಹಚ್ಚಿದ ಮ್ಯಾಲೆ ಎಲ್ಲಿ ಬೆವರ್ತೈತಿ?" ತಮ್ಮದೇ ಮಾಲನ್ನು ಹೀಗೆ ಬಯ್ಯುವ ವ್ಯಾಪಾರಿ ಬೆಂಗಳೂರಿನಲ್ಲಿ ನನಗೆ ಸಿಕ್ಕಿಲ್ಲ. ಒಂದು ಸಾದಾ ಹರವಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಟಣ್ ಅನ್ನಿಸಿ ಕೊಟ್ಟರು.

ಸುಮ್ನೆ ಇರಲಾರದೆ ಕೇಳಿದೆ, ಇದಕ್ಕೆ ಎಷ್ಟು ಬಿಸಿಲು ಬೇಕು ಅಂತ. ನಾನೂ ಈಗ ಈ ಭಾಷೆ ಆಡಬಲ್ಲೆ ಅನ್ನುವ ಜಂಬ. ಅಜ್ಜಿ ನಕ್ಕರು. "ಹಸಿ ಹರವಿಗೆ ಮೊದ್ಲ ನೆರಳು ಬೇಕು. ಒಮ್ಮೆಲೆ ಬಿಸಿಲಿಗಿಟ್ರ ಬಿರಕ ಬಿಡ್ತೈತಿ. ನೆರಳಾಗ ಮೆತ್ತಗ ಆರಬೇಕು, ಆಮ್ಯಾಲೆ ಬಿಸಿಲು, ಆಮ್ಯಾಲೆ ಬೆಂಕಿ." ಮನೆಗೆ ತಂದು ಎರಡು ದಿನ ನೀರು ತುಂಬಿ ಚೆಲ್ಲಿ, ಮೂರನೇ ದಿನ ಮರಳಿನ ಮೇಲೆ ಕೂರಿಸಿದೆವು. ಆ ನೀರಿಗೆ ಮಣ್ಣಿನ ಘಮ. ಫ್ರಿಜ್ಜಿನ ನೀರಿನ ಹಾಗೆ ಹಲ್ಲು ಜುಮ್ ಅನ್ನುವುದಿಲ್ಲ, ಗಂಟಲಿನಿಂದ ಹೊಟ್ಟೆವರೆಗೆ ಎಲ್ಲೆಲ್ಲಿ ಇಳಿಯಿತು ಅಂತ ಗೊತ್ತಾಗುತ್ತದೆ. ಬೆಂಗಳೂರಿನ ಮನೆಗೂ ಒಂದು ಹರವಿ ತಂದಿಟ್ಟಿದ್ದೆ ಹಿಂದೆ, ಅದರಲ್ಲಿ ನೀರು ಇಷ್ಟು ತಂಪಾಗಿದ್ದೇ ಇಲ್ಲ. ಮಡಕೆ ಸರಿಯಿಲ್ಲ ಅಂದುಕೊಂಡಿದ್ದೆ. ಸರಿಯಿಲ್ಲದ್ದು ಗಾಳಿ. ಗಾಳಿ ಒಣಗಿದಷ್ಟೂ ಹರವಿ ಚೆನ್ನಾಗಿ ಬೆವರಿ ಆರುತ್ತದೆ. ಕೊಪ್ಪಳದ ಏಪ್ರಿಲ್ ಗಾಳಿಯಲ್ಲಿ ಒದ್ದೆ ಟವೆಲ್ ಅರ್ಧ ಗಂಟೆಗೆ ಹಪ್ಪಳವಾಗುತ್ತದೆ. ನಾನು ಕ್ಷಮೆ ಕೇಳುತ್ತಿದ್ದ ಆ ಸುಡು ಗಾಳಿಯೇ ನೀರು ತಂಪು ಮಾಡುತ್ತಿತ್ತು.

ರಸ್ತೆ ತುಂಬ ಭತ್ತ

ಇಷ್ಟೆಲ್ಲ ಬರೆದ ಮೇಲೆ ಬಿಸಿಲನ್ನು ಹೊಗಳಿ ಬರೆದ ಪೇಟೆ ಹುಡುಗಿ ಅಂತ ನೀವು ಅಂದುಕೊಂಡರೆ ತಪ್ಪಿಲ್ಲ. ನನಗೆ ಒಂದು ನೆರಳಿತ್ತು, ಫ್ಯಾನಿತ್ತು, ಹನ್ನೊಂದಕ್ಕೆ ಕೆಳಗಿಳಿದು ಲ್ಯಾಪ್‌ಟಾಪ್ ತೆರೆದರೆ ಮುಗಿಯಿತು. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಹೊರಗೆ ಉಳಿಯುವವರು ಯಾರು ಅಂತ ಎಲ್ಲರಿಗೂ ಗೊತ್ತು.

ಮೇ ಎರಡನೇ ವಾರ ಗೆಳತಿಯ ಮನೆಗೆ ಅಂತ ಗಂಗಾವತಿ ಕಡೆ ಹೋಗಿದ್ದೆ. ಮುನಿರಾಬಾದಿನ ತುಂಗಭದ್ರಾ ಡ್ಯಾಮಿನಿಂದ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಟ್ಟ ವರ್ಷ ಆ ದಾರಿ ಪೂರ್ತಿ ಹಳದಿಯಾಗುತ್ತದೆ. ಟಾರು ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ, ಬಸ್ಸು, ಬೈಕು ಉಳಿದ ಅರ್ಧದಲ್ಲಿ. ನಮ್ಮ ಆಟೋದವನು ಬಯ್ಯುತ್ತಲೇ ಬಂದ. ಒಂದು ಕಡೆ ಎದುರಿಗೆ ಲಾರಿ ಬಂದು ನಿಲ್ಲಿಸಬೇಕಾಯಿತು. ಪಕ್ಕದಲ್ಲೇ ಒಬ್ಬ ಹೆಣ್ಣುಮಗಳು ಭತ್ತದೊಳಗೆ ನಡೆಯುತ್ತಿದ್ದಳು. ಕಾಲು ಎತ್ತುತ್ತಿರಲಿಲ್ಲ, ಪಾದ ಎಳೆಯುತ್ತಿದ್ದಳು. ಎರಡು ಪಾದಕ್ಕೆ ಎರಡು ಸಾಲು, ಕೊನೆಗೆ ಹೋಗಿ ತಿರುಗಿ ಮತ್ತೆರಡು ಸಾಲು, ಗದ್ದೆ ಹೂಡಿದ ಹಾಗೆ. ಕೆಳಗಿನ ಕಾಳು ಮೇಲೆ ಬರಲಿ ಅಂತ. ಮಧ್ಯಾಹ್ನ ಹನ್ನೆರಡು. ಕೆಳಗೆ ಟಾರು. ಅವಳ ಪಾದವನ್ನೇ ನೋಡುತ್ತಿದ್ದೆ, ಚಪ್ಪಲಿ ಇರಲಿಲ್ಲ. ಚಪ್ಪಲಿ ಹಾಕಿ ತುಳಿದರೆ ಕಾಳು ಒಡೆಯುತ್ತದೆ ಅಂತ ಆಟೋದವನು ಹೇಳಿದ, ಈ ಸಲ ಬಯ್ಯುವ ದನಿ ಇರಲಿಲ್ಲ.

ಅವಳ ಗಂಡ ಇರಬೇಕು, ಒಂದು ಕಾಳು ಎತ್ತಿ ಹಲ್ಲಿಗಿಟ್ಟು ಕಡಿದು ನೋಡಿದ. "ಇನ್ನ ಒಂದೂವರಿ ಬೇಕು" ಅಂದ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ಭತ್ತದ ತೇವಾಂಶ ಶೇ 17ರ ಒಳಗಿರಬೇಕು. ಮಿಷನ್ ಇಟ್ಟು ನೋಡುತ್ತಾರೆ, ಜಾಸ್ತಿ ಇದ್ದರೆ ಸುಮ್ಮನೆ ವಾಪಸ್. ಅವನ ಹತ್ತಿರ ಮಿಷನ್ ಇಲ್ಲ, ಹಲ್ಲಿದೆ. ಅವನಿಗೆ ಬೇಕಾದ ಒಂದೂವರೆ ಬಿಸಿಲು ಸಿಕ್ಕಿತೋ ಇಲ್ಲವೋ. ಆ ಸಂಜೆ ಗಂಗಾವತಿಯಲ್ಲಿ ಚಹಾ ಕುಡಿಯುತ್ತಾ ಕೂತಾಗ ಮೂಡಣದಲ್ಲಿ ಮೋಡ ಕಟ್ಟಿತು. ಗಾಳಿ ಎದ್ದಿತು. ಗೆಳತಿಯ ಮಕ್ಕಳು "ಮಳಿ, ಮಳಿ" ಅಂತ ಅಂಗಳಕ್ಕೆ ಓಡಿದರು. ತಂಪು ಗಾಳಿ ಬಂದರೆ ನಾನೂ ಹಿಗ್ಗುವವಳೇ. ಅವತ್ತು ಮಾತ್ರ ರಸ್ತೆಯ ಮೇಲೆ ಎಷ್ಟು ಜನ ತಾಡಪಾಲು ಹಿಡಿದು ಓಡುತ್ತಿದ್ದಾರೋ ಅಂತ ಕೂತೆ. ಹತ್ತು ನಿಮಿಷ ದಪ್ಪ ಹನಿ ಬಿದ್ದು ನಿಂತಿತು. ವಾಪಸ್ ಬರುವಾಗ ಕತ್ತಲಾಗಿತ್ತು, ರಸ್ತೆ ಪಕ್ಕ ಉದ್ದಕ್ಕೂ ನೀಲಿ ತಾಡಪಾಲಿನ ದಿಬ್ಬಗಳು, ಮೇಲೆ ಕಲ್ಲು. ಆ ಹೆಂಗಸು ಇದ್ದ ಜಾಗ ಯಾವುದು ಅಂತ ಗುರುತು ಹತ್ತಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ನಮ್ಮ ಸಂಡಿಗಿ ತಗದಿದ್ಯಾ ಇಲ್ಲಾ?" ಅಂದಳು. ತೆಗೆದಿರಲಿಲ್ಲ. ಆದರೆ ಕೊಪ್ಪಳದಲ್ಲಿ ಹನಿಯೂ ಬಿದ್ದಿರಲಿಲ್ಲ.

ಸಂಜೆಗಳು

ಸಂಜೆ ಆರಕ್ಕೆ ಊರು ಎರಡನೇ ಸಲ ಬೆಳಗಾದ ಹಾಗೆ ತೆರೆದುಕೊಳ್ಳುತ್ತದೆ. ಅಂಗಡಿಗಳ ಮುಂದೆ ನೀರು ಹೊಡೆಯುತ್ತಾರೆ. ಮಂಡಾಳು ವಗ್ಗರಣಿ, ಮಿರ್ಚಿಯ ಬಂಡಿ ಸುತ್ತ ಜನ. ಇಡೀ ದಿನ ಬೆಂದವರು ಸಂಜೆ 37 ಡಿಗ್ರಿಯಲ್ಲಿ ನಿಂತು ಕುದಿಯುವ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ ತಿನ್ನುವುದು ಯಾಕೆ ಅಂತ ಬೆಂಗಳೂರಿನವರಿಗೆ ವಿವರಿಸಲು ನಾನು ಇನ್ನು ಮೇಲೆ ಪ್ರಯತ್ನಿಸುವುದಿಲ್ಲ. ಕಟ್ಟಿಸಿಕೊಂಡು ಗವಿಮಠದ ಕಡೆ ಹೋಗುತ್ತಿದ್ದೆ. ಮೇಲೆ ಅಶೋಕನ ಶಾಸನದ ಬಂಡೆ ಇದೆ, ಶಾಲೆಯಲ್ಲಿದ್ದಾಗ ಸಾಲಾಗಿ ಕರೆದುಕೊಂಡು ಹೋಗಿ ತೋರಿಸಿದ್ದರು. ಈಗ ನನಗೆ ಅಕ್ಷರಕ್ಕಿಂತ ಬಂಡೆಯೇ ಇಷ್ಟವಾಯಿತು. ಹೊತ್ತು ಮುಳುಗಿ ಅರ್ಧ ಗಂಟೆ ಆದರೂ ಗುಡ್ಡದ ಕಲ್ಲಿಗೆ ಬೆನ್ನು ಕೊಟ್ಟರೆ ಬಿಸಿನೀರಿನ ಚೀಲ ಇಟ್ಟ ಹಾಗೆ. ಲ್ಯಾಪ್‌ಟಾಪಿಗೆ ಬಗ್ಗಿ ಬಗ್ಗಿ ಹಿಡಿದುಕೊಂಡಿದ್ದ ಸೊಂಟ ಅಲ್ಲಿ ಬಿಡುತ್ತಿತ್ತು.

ಜೂನ್ ಮೊದಲ ವಾರ ವಾಪಸ್ ಬಂದೆ. ಅವ್ವ ಐದು ಡಬ್ಬಿ ಕಟ್ಟಿ ಕೊಟ್ಟಿದ್ದಳು, ಎಲ್ಲ ನಾನೇ ಮಾಡಿದ್ದು ಅಂತ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಬೆಂಗಳೂರಿನಲ್ಲಿ ಮೋಡ. ಎರಡು ವಾರಕ್ಕೆ ಸಂಡಿಗೆಯ ಡಬ್ಬಿ ತೆಗೆದು ಒಂದನ್ನು ಮುರಿದರೆ ಚಟ್ ಅನ್ನಲಿಲ್ಲ, ಬಾಗಿತು. ಫೋನ್ ಮಾಡಿದೆ. "ಒಂದು ಬಿಸಿಲು ಕಾಣಸು, ಆಕ್ಕಾವು" ಅಂದಳು. ನಮ್ಮ ಬಾಲ್ಕನಿಗೆ ಬಿಸಿಲು ಬರುವುದು ಎದುರಿನ ಎರಡು ಅಪಾರ್ಟ್‌ಮೆಂಟುಗಳ ನಡುವೆ, ಬೆಳಿಗ್ಗೆ ಎಂಟರಿಂದ ಎಂಟೂ ಮುಕ್ಕಾಲಿನವರೆಗೆ, ಅದೂ ಮೋಡ ಇಲ್ಲದಿದ್ದರೆ. ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ ಮುಕ್ಕಾಲು ತಾಸು. ಒಂದು ಪೂರ್ತಿ ಬಿಸಿಲು ಏಳು ತಾಸು ಅಂತ ಹಿಡಿದರೆ ಒಂಬತ್ತರಿಂದ ಹತ್ತು ದಿನ ಬೇಕು.

"ಹತ್ತು ದಿನದ್ದು ಕೂಡಿಸಿದ್ರ ಒಂದು ಬಿಸಿಲು ಆಗ್ತೈತೇನಬೇ?"

"ಹಂಗೆಲ್ಲ ಕೂಡ್ಸಾಕ ಬರಂಗಿಲ್ಲ" ಅಂದಳು ಅವ್ವ. "ಎಣ್ಣಿ ಇಡು. ಕರದು ತಿಂದು ಮುಗಸು."